ಉರುಳಗಡ್ಡೆಗೆ ಏನಾಗಿದೆ?



ಉರುಳಗಡ್ಡೆ ನಮ್ಮ ಕೋಲಾರ ಜಿಲ್ಲೆಯ ಬೆಳೆ. ಪುಸ್ತಕದಲ್ಲಿ ಇದನ್ನು ಆಲೂಗೆಡ್ಡೆ ಎನ್ನುತ್ತಾರೆ. ಹೊಲದಲ್ಲಿ ಬೆಳೆಯುವವರು ಇದ್ದಾರೆ. ಹಿತ್ತಲಲ್ಲಿ ನಾಲ್ಕು ಸಾಲು ಹಾಕುವವರೂ ಇದ್ದಾರೆ.

ಗಿಡ ಕೆಟ್ಟರೆ ನಾವು ಏನು ಮಾಡ್ತೀವಿ? ಅಂಗಡಿಗೆ ಓಡ್ತೀವಿ. ‘ಯಾವುದಾದ್ರೂ ಔಷಧಿ ಕೊಡಪ್ಪಾ’ ಅಂತೀವಿ. ದುಡ್ಡು ಹೋಗುತ್ತದೆ. ರೋಗ ಹೋಗುವುದಿಲ್ಲ. ಮೊದಲು ಗಿಡ ನೋಡಬೇಕು. ಗೆಡ್ಡೆ ಕತ್ತರಿಸಿ ನೋಡಬೇಕು.

ಗೆಡ್ಡೆ ಹಸಿರಾಗಿದೆಯೇ? ಇದು ರೋಗವಲ್ಲ. ಗೆಡ್ಡೆಗೆ ಬಿಸಿಲು ಬಿದ್ದಿದೆ. ಆದರೆ ಹಸಿರಾದ ಗೆಡ್ಡೆಯಲ್ಲಿ ಸೊಲನಿನ್ ಎಂಬ ವಿಷ ಹೆಚ್ಚುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದರೆ ವಾಂತಿ, ಭೇದಿ ಆಗಬಹುದು. ಮಕ್ಕಳಿಗೆ ಕೊಡಬೇಡಿ. ದನಕ್ಕೂ ಹಾಕಬೇಡಿ. ಗಿಡದ ಬುಡಕ್ಕೆ ಮಣ್ಣು ಏರಿಸಿ. ಅಗೆದ ಗೆಡ್ಡೆಯನ್ನು ಕತ್ತಲಲ್ಲಿ ಇಡಿ.

ಗೆಡ್ಡೆ ಬಿರುಕು ಬಿಟ್ಟಿದೆಯೇ? ಹೆಚ್ಚಾಗಿ ಇದು ನೀರಿನ ತಪ್ಪು. ಒಣಗಲು ಬಿಟ್ಟು, ಆಮೇಲೆ ಒಂದೇ ಸಲ ಜಾಸ್ತಿ ನೀರು ಕೊಟ್ಟರೆ ಹೀಗಾಗ್ತದೆ. ಗೆಡ್ಡೆ ಕೊಳೆಯದಿದ್ದರೆ ತಿನ್ನಬಹುದು.

ಗೆಡ್ಡೆಯಲ್ಲಿ ತೂತು, ಒಳಗೆ ಕಪ್ಪು ಹಿಕ್ಕೆ ಇದೆಯೇ? ಇದು ಪತಂಗದ ಹುಳು. ಬಿರುಕು ಬಿಟ್ಟ ಮಣ್ಣಿನಲ್ಲಿ ಪತಂಗ ಇಳಿದು ಮೊಟ್ಟೆ ಇಡುತ್ತದೆ. ಮಣ್ಣು ಮುಚ್ಚಿ. ಮನೆಯಲ್ಲಿ ಇಡುವಾಗ ಗೆಡ್ಡೆಯ ಕೆಳಗೂ ಮೇಲೂ ಒಣಗಿದ ನೀಲಗಿರಿ ಎಲೆ ಹರಡಿ.

ಎಲೆಯ ಮೇಲೆ ಕಪ್ಪು ಮಚ್ಚೆ ಇದೆಯೇ? ಬೆಳಿಗ್ಗೆ ಎಲೆ ತಿರುಗಿಸಿ ನೋಡಿ. ಮಚ್ಚೆಯ ಸುತ್ತ ಬಿಳಿ ಬೂಷ್ಟು ಕಂಡರೆ ಅದು ಅಂಗಮಾರಿ. ಮೋಡ, ತುಂತುರು ಮಳೆ, ತಂಪು ಇದ್ದರೆ ಕೆಲವೇ ದಿನದಲ್ಲಿ ಹೊಲವೆಲ್ಲ ಸುಟ್ಟಂತೆ ಆಗುತ್ತದೆ. 1845ರಲ್ಲಿ ಐರ್ಲೆಂಡ್ ದೇಶಕ್ಕೆ ಈ ರೋಗ ಬಂತು. ಅಲ್ಲಿ ಬಡವರಿಗೆ ಉರುಳಗಡ್ಡೆಯೇ ಊಟ. ಮುಂದಿನ ವರ್ಷಗಳಲ್ಲಿ ಹಸಿವು, ಕಾಯಿಲೆಗಳಿಂದ ಸುಮಾರು 10 ಲಕ್ಷ ಜನ ಸತ್ತರು. ಆದ್ದರಿಂದ ಮಚ್ಚೆ ಕಂಡ ದಿನವೇ ಎಚ್ಚರವಾಗಿ.

ನೀರು ಇದ್ದರೂ ಹಸಿರು ಗಿಡ ಬಾಡುತ್ತಿದೆಯೇ? ಒಂದು ಪರೀಕ್ಷೆ ಮಾಡಿ. ಬುಡದ ಹತ್ತಿರ ಕಾಂಡ ಕತ್ತರಿಸಿ. ಗಾಜಿನ ಲೋಟದ ತಿಳಿನೀರಿನಲ್ಲಿ ಅದರ ತುದಿ ಅದ್ದಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಹಾಲಿನಂಥ ಬಿಳಿ ದಾರ ಇಳಿದರೆ ಅದು ದುಂಡಾಣು ಸೊರಗು ರೋಗ. ಗೆಡ್ಡೆ ಕತ್ತರಿಸಿದರೆ ಒಳಗೆ ಕಂದು ಉಂಗುರ ಕಾಣುತ್ತದೆ. ಔಷಧಿ ಹೊಡೆದರೆ ಇದು ವಾಸಿಯಾಗುವುದಿಲ್ಲ. ಗಿಡವನ್ನು ಗೆಡ್ಡೆ ಸಮೇತ ಕಿತ್ತು ಸುಡಿ. ಆ ಸಾಲಿನ ನೀರು ಬೇರೆ ಸಾಲಿಗೆ ಹರಿಯಬಾರದು. ಆ ಹೊಲದ ಗೆಡ್ಡೆಯನ್ನು ಬಿತ್ತನೆಗೆ ಇಡಬೇಡಿ.

ಇನ್ನೊಂದು ಮಾತು ಮರೆಯಬೇಡಿ. ಈ ರೋಗ ಮಣ್ಣಿನಲ್ಲೇ ಉಳಿಯುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿಗೂ ಬರುತ್ತದೆ. ಅಲ್ಲಿ ಟೊಮೆಟೊ ಹಾಕಿದರೆ ಸಾಲ ತಲೆ ಮೇಲೆ ಬರ್ತದೆ. ಕೆಲವು ವರ್ಷ ರಾಗಿ, ಜೋಳ ಹಾಕಿ.

ಯಾವ ರೋಗ ಅಂತ ತಿಳಿಯದಿದ್ದರೆ ಕೆಟ್ಟ ಗಿಡವನ್ನೇ ಚೀಲದಲ್ಲಿ ಹಾಕಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅಂಗಡಿಯಲ್ಲಿ ಡಬ್ಬಿ ಕೈಗೆ ತೆಗೆದುಕೊಳ್ಳಿ. ಚೀಟಿಯ ಹೆಸರೂ ಡಬ್ಬಿಯ ಹೆಸರೂ ಒಂದೇನಾ? ನೀವೇ ಓದಿ ನೋಡಿ. ಆಮೇಲೆ ದುಡ್ಡು ಕೊಡಿ.