ಅರಿಸ್ಟೋಫನೀಸನ ಕುರುಡು ಕುಬೇರ



ಗ್ರೀಕ್ ನಾಟಕವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ದುರಂತ ನಾಟಕವೇ. ಬಿ.ಎಂ.ಶ್ರೀ ಅವರು ಸೋಫೋಕ್ಲಿಸನ ಕೃತಿಯೊಂದನ್ನು ಮಹಾಭಾರತದ ಕಥೆಗೆ ಒಗ್ಗಿಸಿ ‘ಅಶ್ವತ್ಥಾಮನ್’ ಬರೆದರು. ಈಸ್ಕಿಲಸನದನ್ನು ‘ಪಾರಸಿಕರು’ ಎಂದು ನಮಗೆ ಕೊಟ್ಟರು. ಆದರೆ ಅಥೆನ್ಸಿನ ಅದೇ ಜನ ಅದೇ ಡಯೊನೈಸಸ್ ದೇವರ ಉತ್ಸವಗಳಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಲೂ ಇದ್ದರು. ಹಾಗೆ ನಗಿಸಿದವರಲ್ಲಿ ದೊಡ್ಡವನು ಅರಿಸ್ಟೋಫನೀಸ್. ಅವನ ಸುಮಾರು 40 ಪ್ರಹಸನಗಳಲ್ಲಿ ಉಳಿದು ಬಂದಿರುವುದು 11. ಅವುಗಳಲ್ಲಿ ಕೊನೆಯದು ‘ಪ್ಲೂಟಸ್’, ಎಂದರೆ ಸಂಪತ್ತಿನ ದೇವರು. ಇವತ್ತಿನ ನನ್ನ ಮಾತು ಅದರ ಬಗ್ಗೆ.

ಇದು ರಂಗಕ್ಕೆ ಬಂದದ್ದು ಕ್ರಿ.ಪೂ. 388ರಲ್ಲಿ. ಸ್ಪಾರ್ಟಾದೊಡನೆ 27 ವರ್ಷ ಕಾದಾಡಿ, ಕ್ರಿ.ಪೂ. 404ರಲ್ಲಿ ಅಥೆನ್ಸ್ ಸೋತಿತ್ತು. ಅಧೀನ ನಗರಗಳಿಂದ ಬರುತ್ತಿದ್ದ ಕಪ್ಪ ನಿಂತಿತ್ತು. ಶತ್ರುಸೈನ್ಯ ಹಾಯ್ದು ಹೋದ ಹೊಲಗಳಲ್ಲಿ ದ್ರಾಕ್ಷಿ, ಆಲಿವ್ ಮತ್ತೆ ಫಲಕ್ಕೆ ಬರಬೇಕಾಗಿತ್ತು. ಸಾಲದ್ದಕ್ಕೆ ಕ್ರಿ.ಪೂ. 395ರಿಂದ ಇನ್ನೊಂದು ಯುದ್ಧ ನಡೆದೇ ಇತ್ತು. ನಾಗರಿಕರು ಸಭೆಗೆ ಬರಲೆಂದು ತಲೆಗೆ ಮೂರು ಒಬೊಲ್ ಭತ್ಯೆ ಕೊಡುವ ಪದ್ಧತಿ ಬಂದಿತ್ತು. ಯೌವನದಲ್ಲಿ ಕ್ಲೆಯೋನನಂಥ ಮುಖಂಡರನ್ನು ಹಿಡಿದು ಝಾಡಿಸಿದ ಕವಿ ಈಗ ವ್ಯಕ್ತಿಗಳನ್ನು ಬಹುಮಟ್ಟಿಗೆ ಬಿಟ್ಟು, ದುಡ್ಡನ್ನೇ ರಂಗದ ಮೇಲೆ ತಂದು ನಿಲ್ಲಿಸಿದ.

ಕಥೆ ಹೀಗಿದೆ. ಕ್ರೆಮಿಲಸ್ ಎಂಬ ಬಡ ಮುದಿ ರೈತ ತನ್ನ ಗುಲಾಮ ಕಾರಿಯೋನೊಡನೆ ಡೆಲ್ಫಿಗೆ ಹೋಗಿ ಅಪೊಲೊ ದೇವರನ್ನು ಕೇಳುತ್ತಾನೆ: ನಾನು ನ್ಯಾಯವಾಗಿ ಬದುಕಿ ಹಾಳಾದೆ, ಗುಡಿ ದೋಚುವವರೂ ಪುಢಾರಿಗಳೂ ಕೊಬ್ಬಿದ್ದಾರೆ, ನನ್ನ ಒಬ್ಬ ಮಗನನ್ನಾದರೂ ಕಳ್ಳನಾಗಿಸಲೇ? ಗುಡಿಯಿಂದ ಹೊರಬಂದಾಗ ಮೊದಲು ಎದುರಾದವನನ್ನು ಹಿಂಬಾಲಿಸಿ ಮನೆಗೆ ಕರೆದುಕೊಂಡು ಹೋಗು ಎಂದು ದೇವರ ಅಪ್ಪಣೆಯಾಗುತ್ತದೆ. ಎದುರಾದವನು ಚಿಂದಿ ಉಟ್ಟ ಕುರುಡು ಮುದುಕ. ಗದರಿಸಿ ಕೇಳಿದರೆ, ತಾನೇ ಪ್ಲೂಟಸ್ ಎನ್ನುತ್ತಾನೆ! ಒಳ್ಳೆಯವರ ಮನೆಗೆ ಮಾತ್ರ ಹೋಗುತ್ತೇನೆಂದು ಹುಡುಗನಾಗಿದ್ದಾಗ ಶಪಥ ಮಾಡಿದ್ದನಂತೆ. ಮನುಷ್ಯರ ಮೇಲಿನ ಹೊಟ್ಟೆಕಿಚ್ಚಿನಿಂದ ಜ್ಯೂಸ್ ಅವನ ಕಣ್ಣು ಕಿತ್ತ. ಲಕ್ಷ್ಮಿ ಚಂಚಲೆ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಇಲ್ಲಿ ಹಾಗಲ್ಲ, ಹಣ ಅಯೋಗ್ಯರ ಕೈ ಸೇರುವುದು ದೇವತೆಗಳ ರಾಜನೇ ಮಾಡಿಟ್ಟ ವ್ಯವಸ್ಥೆ.

ಜ್ಯೂಸನಿಗೂ ಪೂಜೆ ಸಲ್ಲುವುದು ನಿನ್ನ ದೆಸೆಯಿಂದಲೇ ಎಂದು ಈ ಅಂಜುಬುರುಕ ದೇವರಿಗೆ ರೈತ ಧೈರ್ಯ ತುಂಬುತ್ತಾನೆ. ಎಲ್ಲವೂ ಒಂದು ದಿನ ಸಾಕೆನಿಸುತ್ತದೆ, ನೀನು ಮಾತ್ರ ಸಾಕೆನಿಸುವುದಿಲ್ಲ ಎಂದು ಒಡೆಯನೂ ಆಳೂ ಸೇರಿ ಪಟ್ಟಿ ಹೇಳತೊಡಗುತ್ತಾರೆ. ಒಡೆಯ ಪ್ರೇಮ, ಸಂಗೀತ, ಗೌರವ, ಶೌರ್ಯ ಎನ್ನುತ್ತಿದ್ದರೆ ಕಾರಿಯೋ ನಡುನಡುವೆ ರೊಟ್ಟಿ, ಸಿಹಿತಿಂಡಿ, ಅಂಜೂರ, ಬೇಳೆಯ ಸಾರು ಎಂದು ಸೇರಿಸುತ್ತಾನೆ. ನಗು ಉಕ್ಕುವ ಭಾಗವಿದು. ಆದರೆ ಇದಕ್ಕೆ ತುಸು ಮುಂಚೆ, ಹಣದ ಮಹಿಮೆಯ ಮಾತು ಬಂದಾಗ, ಕಾರಿಯೋ ಇನ್ನೊಂದು ಸಂಗತಿ ಹೇಳಿ ಹೋಗಿರುತ್ತಾನೆ: ಚಿಲ್ಲರೆ ಬೆಳ್ಳಿಕಾಸಿಗಾಗಿಯೇ ತಾನು ಗುಲಾಮನಾದದ್ದು. ಯಾರೂ ಅದಕ್ಕೆ ಉತ್ತರ ಕೊಡುವುದಿಲ್ಲ.

ದೇವರಿಗೆ ಕಣ್ಣು ಬರಿಸಲು ಹೊರಟವರನ್ನು ಬಿಳಿಚಿದ ಮುಖದ ಹೆಂಗಸೊಬ್ಬಳು ತಡೆಯುತ್ತಾಳೆ. ದುರಂತ ನಾಟಕದಿಂದ ತಪ್ಪಿಸಿಕೊಂಡು ಬಂದ ಪಿಶಾಚಿಯಿರಬೇಕೆಂದು ಇವರ ಊಹೆ. ಅವಳು ಪೀನಿಯಾ, ಎಂದರೆ ಬಡತನ. ನಾಟಕದ ತಿರುಳಿರುವುದು ಅವಳ ವಾದದಲ್ಲಿ. ಎಲ್ಲರೂ ಶ್ರೀಮಂತರಾದರೆ ಕಮ್ಮಾರಿಕೆ ಯಾರು ಮಾಡುತ್ತಾರೆ? ಹಡಗು ಕಟ್ಟುವವರು, ಚರ್ಮ ಹದ ಮಾಡುವವರು, ಉಳುವವರು ಯಾರು? ಗುಲಾಮರು ಎನ್ನುತ್ತಾನೆ ಕ್ರೆಮಿಲಸ್. ಅವರನ್ನು ಎಲ್ಲಿಂದ ತರುತ್ತೀ? ದುಡ್ಡು ಕೊಟ್ಟು ಕೊಳ್ಳುತ್ತೇನೆ. ಮಾರುವವನಿಗೂ ದುಡ್ಡಿದ್ದರೆ ಅವನೇಕೆ ಪ್ರಾಣ ಪಣಕ್ಕಿಟ್ಟು ಮನುಷ್ಯರನ್ನು ಹಿಡಿದು ತರುತ್ತಾನೆ? ಕ್ರೆಮಿಲಸನ ಬಳಿ ಇದಕ್ಕೆ ಜವಾಬಿಲ್ಲ.

ಅವಳು ಇನ್ನೂ ಮುಂದುವರಿಯುತ್ತಾಳೆ. ನನ್ನ ಮಕ್ಕಳ ನಡು ಕಣಜದ ಹುಳುವಿನಂತೆ ತೆಳು, ಯುದ್ಧದಲ್ಲಿ ಶತ್ರುವಿಗೆ ಚುಚ್ಚುತ್ತಾರೆ. ಹಣವಂತರ ಮಕ್ಕಳಿಗೆ ಬೊಜ್ಜು, ಕಾಲಲ್ಲಿ ವಾತ. ಪುಢಾರಿಗಳನ್ನೇ ನೋಡಿ, ಬಡವರಾಗಿರುವಷ್ಟು ದಿನ ಜನರ ಕಡೆ, ಸರ್ಕಾರದ ಹಣ ಮೇಯ್ದ ಮೇಲೆ ಜನದ್ರೋಹಿಗಳು. ಈ ಮಾತನ್ನು ಕ್ರೆಮಿಲಸನೂ ಒಪ್ಪಿಕೊಳ್ಳಬೇಕಾಗುತ್ತದೆ.

ಆಗ ರೈತ ತರ್ಕ ಬಿಟ್ಟು, ತಾನು ಕಂಡ ಬಡತನವನ್ನು ಹೇಳುತ್ತಾನೆ: ಚಳಿಗೆ ಸ್ನಾನಗೃಹದ ಒಲೆಗೆ ಆತುಕೊಂಡು ಮೈಮೇಲೆದ್ದ ಬೊಬ್ಬೆ, ಹಸಿದ ಮಕ್ಕಳ ರಂಪ, ಕಿವಿಯಲ್ಲಿ ಗುಂಯ್‌ಗುಡುವ ನುಸಿ, ತಿಗಣೆ ತುಂಬಿದ ಜೊಂಡಿನ ಚಾಪೆ, ತಲೆದಿಂಬಿಗೆ ಕಲ್ಲು, ರೊಟ್ಟಿಯ ಬದಲು ಕಾಡುಸೊಪ್ಪು. ಪೀನಿಯಾ ಕದಲುವುದಿಲ್ಲ. ನೀನು ಹೇಳಿದ್ದು ತಿರುಕರ ಬಾಳು, ನನ್ನದಲ್ಲ ಎನ್ನುತ್ತಾಳೆ. ತಿರುಕನಿಗೆ ಏನೂ ಇಲ್ಲ. ಬಡವ ಮೈಮುರಿದು ದುಡಿದು ಹಿತಮಿತವಾಗಿ ಬದುಕುತ್ತಾನೆ, ಮಿಗುವುದಿಲ್ಲ, ಕೊರೆಯೂ ಆಗುವುದಿಲ್ಲ. ಗ್ರೀಕರಲ್ಲಿ ಈ ಇಬ್ಬರಿಗೆ ಎರಡು ಬೇರೆ ಪದಗಳೇ ಇದ್ದವು: ದುಡಿದು ಉಣ್ಣುವವನು ‘ಪೆನೀಸ್’, ಬೇಡಿ ಉಣ್ಣುವವನು ‘ಪ್ಟೋಖೋಸ್’.

ತರ್ಕದಲ್ಲಿ ಅವಳದೇ ಮೇಲುಗೈ. ಕ್ರೆಮಿಲಸನಿಗೂ ಅದು ಗೊತ್ತು. ನೀನು ವಾದದಲ್ಲಿ ಗೆದ್ದರೂ ನಾನು ಒಪ್ಪುವವನಲ್ಲ ಎಂದು ಬೈದು ಅವಳನ್ನು ಓಡಿಸುತ್ತಾನೆ. ಇದು ರೈತನ ಮೊದ್ದುತನ, ಕವಿಯ ಒಲವು ಬಡತನದ ಕಡೆಗೇ ಎಂದು ಓದುವ ವಿದ್ವಾಂಸರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಬಡತನ ಇದ್ದರೇ ಜನ ದುಡಿಯುತ್ತಾರೆ ಎಂಬ ಮಾತನ್ನು ಹೊಟ್ಟೆ ತುಂಬಿದವರಿಂದ ನಾವೆಲ್ಲ ಕೇಳಿದ್ದೇವೆ. ಬಡವನ ಮತ್ತು ತಿರುಕನ ನಡುವಿನ ಅಂತರ ಎಷ್ಟೆಂದು ಯುದ್ಧದಲ್ಲಿ ಹೊಲ ಹಾಳಾದ ರೈತನಿಗೆ ಗೊತ್ತು: ಒಂದು ಕೆಟ್ಟ ಬೆಳೆ, ಅಷ್ಟೆ. ಕಲ್ಲಿನ ಮೇಲೆ ತಲೆಯಿಟ್ಟು ಮಲಗಿದವನು ಆ ವ್ಯತ್ಯಾಸವನ್ನು ಒಪ್ಪಲಿಕ್ಕಿಲ್ಲ.

ಇಷ್ಟೆಲ್ಲ ವಾದ ನಡೆಯುವಾಗ ಕಾರಿಯೋ ರಂಗದ ಮೇಲಿಲ್ಲ. ಒಡೆಯನ ರೊಟ್ಟಿ, ಮಾಂಸ ಕದ್ದು ತಿನ್ನಲು ಒಳಗೆ ಹೋಗಿದ್ದಾನೆ. ದುಡಿಯುವವರು ಯಾರು ಎಂಬ ಪ್ರಶ್ನೆಗೆ ಗುಲಾಮರು ಎಂಬ ಉತ್ತರವನ್ನು ಅವನು ಕೇಳಿಸಿಕೊಳ್ಳುವುದೇ ಇಲ್ಲ. ವಾದ ಮುಗಿದ ಮೇಲೆ ಹಾಸಿಗೆ ಹೊರಲು ಅವನನ್ನು ಕರೆಯುತ್ತಾರೆ! ಸುಮಾರು ಕ್ರಿ.ಪೂ. 391ರಲ್ಲಿ ಬಂದ ಇನ್ನೊಂದು ಪ್ರಹಸನದಲ್ಲೂ ಹೀಗೆಯೇ. ಹೆಂಗಸರು ಆಡಳಿತ ಹಿಡಿದು ಆಸ್ತಿಯನ್ನೆಲ್ಲ ಸಾಮೂಹಿಕ ಮಾಡುತ್ತಾರೆ. ಹೊಲ ಉಳುವವರು ಮಾತ್ರ ಗುಲಾಮರೇ.

ಮುಂದಿನದು ಬೇಗ ಮುಗಿಯುತ್ತದೆ. ವೈದ್ಯದೇವತೆ ಅಸ್ಕ್ಲೀಪಿಯಸನ ಗುಡಿಯಲ್ಲಿ ಹಾವುಗಳು ನೆಕ್ಕಿ ಪ್ಲೂಟಸನಿಗೆ ಕಣ್ಣು ಬರುತ್ತದೆ. ಅದೇ ರಾತ್ರಿ ಪೂಜಾರಿ ನೈವೇದ್ಯವನ್ನು ಚೀಲಕ್ಕೆ ತುಂಬಿಕೊಂಡದ್ದನ್ನು ಕಂಡು ಕಾರಿಯೋ ಮುದುಕಿಯೊಬ್ಬಳ ಅಂಬಲಿಯ ಗಡಿಗೆಗೆ ಕೈಹಾಕುತ್ತಾನೆ. ಸಜ್ಜನರು ಸಿರಿವಂತರಾಗುತ್ತಾರೆ, ಸುಳ್ಳು ಮೊಕದ್ದಮೆ ಹೂಡಿ ಬದುಕುತ್ತಿದ್ದವನು ಬೀದಿಗೆ ಬೀಳುತ್ತಾನೆ. ಬಲಿ ಕೊಡುವವರಿಲ್ಲದೆ ದೇವತೆಗಳಿಗೆ ಉಪವಾಸ. ಹರ್ಮಿಸ್ ದೇವರೇ ಹಸಿದು ಬಂದು ರೈತನ ಮನೆಯಲ್ಲಿ ಕೆಲಸ ಬೇಡುತ್ತಾನೆ. ಬಾವಿಯ ಬಳಿ ಹೋಗಿ ಕರುಳು ತೊಳೆದುಕೊಂಡು ಬಾ ಎಂದು ಅವನಿಗೆ ಅಪ್ಪಣೆ ಕೊಡುವವನು ಕಾರಿಯೋ. ಗುಲಾಮನ ಕೈಕೆಳಗೆ ದೇವರು! ಆದರೂ ಕಾರಿಯೋನನ್ನು ಬಿಡುಗಡೆ ಮಾಡುವ ಮಾತನ್ನು ಯಾರೂ ಎತ್ತುವುದಿಲ್ಲ, ಅವನೂ ಎತ್ತುವುದಿಲ್ಲ.

ಕೊನೆಗೆ ಪ್ಲೂಟಸನನ್ನು ಅಥೀನಾ ದೇವಿಯ ಗುಡಿಯ ಹಿಂಗೋಣೆಯಲ್ಲಿ, ಅವನ ಹಳೆಯ ಜಾಗದಲ್ಲೇ, ಪ್ರತಿಷ್ಠಾಪಿಸಲು ಮೆರವಣಿಗೆ ಹೊರಡುತ್ತದೆ. ಆ ಹಿಂಗೋಣೆ ನಿಜವಾಗಿಯೂ ನಗರದ ಖಜಾನೆಯಾಗಿತ್ತು. ಡಯೊನೈಸಸ್ ರಂಗಮಂದಿರದ ಮೆಟ್ಟಿಲುಗಳ ಮೇಲೆ ಕುಳಿತವರ ಬೆನ್ನ ಹಿಂದೆ, ಅಕ್ರೊಪೊಲಿಸ್ ಗುಡ್ಡದ ಮೇಲೆ ಅದು ಇತ್ತು. ಯುದ್ಧ ಅದನ್ನು ಬರಿದು ಮಾಡಿದ್ದು ನೋಡಲು ಬಂದವರಿಗೆಲ್ಲ ತಿಳಿದೇ ಇತ್ತು.