ಜಂತೆ ಕೊರೆಯುವ ದುಂಬಿ



ಕೊಟ್ಟಿಗೆಯ ಜಂತೆಯಿಂದ ಮರದ ಪುಡಿ ಉದುರುತ್ತಿದೆಯೆ? ತಲೆಯೆತ್ತಿ ನೋಡಿ: ಕಿರುಬೆರಳು ಹೋಗುವಷ್ಟು ಗುಂಡನೆಯ ತೂತು, ಸುತ್ತ ಗುಂಯ್‌ಗುಡುವ ಕರಿಯ ದುಂಬಿ. ಇದು ಗೆದ್ದಲಿನಂತೆ ಮರ ತಿನ್ನೋದಿಲ್ಲ. ಒಣಮರದಲ್ಲೋ ಬಿದಿರಿನ ಗಳದಲ್ಲೋ ಗೂಡು ಕೊರೆದು, ಪರಾಗ ಮಕರಂದ ಕಲಸಿದ ಉಂಡೆಯ ಮೇಲೆ ಮೊಟ್ಟೆಯಿಡುತ್ತದೆ. ಗಂಡಿಗೆ ಕೊಂಡಿಯೇ ಇಲ್ಲ. ಹೆಣ್ಣಾದರೂ ಕೈಯಲ್ಲಿ ಹಿಡಿದು ಅದುಮಿದರೆ ಮಾತ್ರ ಕುಟುಕೋದು. ಹೆಜ್ಜೇನು, ಕಡಜಗಳ ಹಾಗೆ ಹಿಂಡಾಗಿ ಮೇಲೆ ಬೀಳುವ ಜಾತಿಯಲ್ಲ.

ತೂತಿಗೆ ಪಂಜು ಹಿಡಿಯುವವರಿದ್ದಾರೆ. ದುಂಬಿಯ ಜೊತೆಗೆ ಮಾಡೂ ಹೊತ್ತಿಕೊಂಡೀತು! ಬೆಳೆಗೆ ಹೊಡೆಯುವ ವಿಷವನ್ನು ದನ ಕಟ್ಟುವಲ್ಲಿ ಸುರಿಯೋದಂತೂ ಬೇಡವೇ ಬೇಡ.

ರಾಗಿ ಹೊಲದ ಅಕ್ಕಡಿ ಸಾಲಿನ ತೊಗರಿ, ಅವರೆ ಹೂಗಳು ಬಾಯಿ ಮುಚ್ಚಿಕೊಂಡಿರುತ್ತವೆ. ದುಂಬಿ ತನ್ನ ಭಾರದಿಂದಲೇ ಒತ್ತಿ ಬಿಡಿಸುತ್ತದೆ. ಪರಾಗ ಗಿಡದಿಂದ ಗಿಡಕ್ಕೆ ಸಾಗುತ್ತದೆ. ಹಿತ್ತಿಲ ನುಗ್ಗೆ ಕಾಯಿ ಕಚ್ಚೋದಕ್ಕೂ ಇದರ ಓಡಾಟ ನೆರವು.

ಹಾಗೆಂದು ವರ್ಷವರ್ಷವೂ ಒಂದೇ ಜಂತೆ ಕೊರೆಸಿಕೊಂಡರೆ ಅದರ ಬಲ ಕುಂದುತ್ತದೆ. ಹೊಸ ಮರಕ್ಕೆ ಬಣ್ಣ ಬಳಿಯಿರಿ. ಬಣ್ಣದ ಮರದ ತಂಟೆಗೆ ಅದು ಬರೋದು ಕಡಿಮೆ. ಎರಡು ತಿಂಗಳು ಹೋಗಿಬರುವುದು ನಿಂತ ಮೇಲೆ ಹಳೆಯ ತೂತಿಗೆ ಬೆಣೆ ಹೊಡೆಯಿರಿ. ಅದಕ್ಕೂ ಮುಂಚೆ, ಒಂದು ತುದಿಯಲ್ಲಿ ಗಿಣ್ಣು ಉಳಿಸಿ ಕತ್ತರಿಸಿದ ಒಣಬಿದಿರಿನ ತುಂಡುಗಳನ್ನು ಕಂತೆ ಮಾಡಿ, ಬೇಲಿಯ ಬದಿಯಲ್ಲಿ ಮಳೆ ತಾಗದ ಕಡೆ ಅಡ್ಡಲಾಗಿ ಕಟ್ಟಿಬಿಡಿ.