‘ಸೆಕ್ಯುಲರ್’ ಎಂಬ ಪದದ ಪಯಣ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಬ್ಬ ಪಾದ್ರಿಯನ್ನು ‘ಸೆಕ್ಯುಲರ್’ ಎಂದು ಕರೆದರೆ ಆತ ಸಿಟ್ಟಾಗುತ್ತಿರಲಿಲ್ಲ, ಬೀಗುತ್ತಲೂ ಇರಲಿಲ್ಲ. ಅದು ಆತ ಎಲ್ಲಿ ವಾಸಿಸುತ್ತಾನೆ ಎಂಬುದನ್ನು ಹೇಳುವ ಮಾತು, ಅಷ್ಟೆ. ಸನ್ಯಾಸಿ ಮಠದ ಕಟ್ಟುಪಾಡಿಗೆ ಒಳಪಟ್ಟು ಅದರ ಗೋಡೆಗಳ ನಡುವೆ ಬಾಳುವ ಪಾದ್ರಿಗಳು ‘ರೆಗ್ಯುಲರ್’. ಊರಿನಲ್ಲಿ ಜನರ ನಡುವೆ ಇದ್ದುಕೊಂಡು ಮದುವೆ, ನಾಮಕರಣ, ಶವಸಂಸ್ಕಾರಗಳನ್ನು ನಡೆಸಿಕೊಡುವವರು ‘ಸೆಕ್ಯುಲರ್’. ನಿಯಮ ಎಂಬರ್ಥದ ಲ್ಯಾಟಿನ್ ಪದದಿಂದ ಮೊದಲನೆಯದು ಬಂದಿದ್ದರೆ, ಲೋಕ ಎಂಬರ್ಥದ ಪದದಿಂದ ಎರಡನೆಯದು ಬಂದಿದೆ. ಕ್ಯಾಥೊಲಿಕ್ ಚರ್ಚಿನಲ್ಲಿ ಈ ವಿಂಗಡಣೆ ಇಂದಿಗೂ ಉಳಿದಿದೆ. ನಮ್ಮ ಚುನಾವಣಾ ಭಾಷಣಗಳಲ್ಲಿ ಒಮ್ಮೆ ಬಿರುದಾಗಿ, ಒಮ್ಮೆ ಬೈಗುಳವಾಗಿ ಓಡಾಡುವ ಈ ಪದ ಇಂಗ್ಲಿಷಿಗೆ ಬಂದದ್ದು ಹೀಗೆ, ಪಾದ್ರಿಗಳ ವಿಶೇಷಣವಾಗಿ.

ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ಸೆಕ್ಯುಲಮ್’ ಸಿಗುತ್ತದೆ. ಒಂದು ತಲೆಮಾರು, ಒಂದು ಯುಗ, ಮನುಷ್ಯನ ಆಯುಸ್ಸಿನ ಅತಿ ದೀರ್ಘ ಅಳತೆ ಎಂದು ಅದರ ಅರ್ಥ. ಫ್ರೆಂಚರು ಶತಮಾನಕ್ಕೆ ಹೇಳುವ ಪದವೂ ಇದರಿಂದಲೇ ಹುಟ್ಟಿದ್ದು. ರೋಮಿನ ಚಕ್ರವರ್ತಿ ಆಗಸ್ಟಸ್ ಕ್ರಿ.ಪೂ. 17ರಲ್ಲಿ ನಡೆಸಿದ ‘ಸೆಕ್ಯುಲರ್ ಉತ್ಸವ’ ಯುಗದ ಬದಲಾವಣೆಯನ್ನು ಸಾರುವ ಹಬ್ಬ. ಮೂರು ಹಗಲು ಮೂರು ರಾತ್ರಿ ದೇವತೆಗಳಿಗೆ ಬಲಿ ಕೊಟ್ಟು ಆಚರಿಸಿದ್ದು! ಅರ್ಥಶಾಸ್ತ್ರಜ್ಞರು ದೀರ್ಘಕಾಲದ ಏರಿಳಿತವನ್ನು ಇಂದಿಗೂ ‘ಸೆಕ್ಯುಲರ್’ ಎನ್ನುವುದು ಈ ಹಳೆಯ ಅರ್ಥದಲ್ಲಿಯೇ. ಕ್ರೈಸ್ತ ಚಿಂತಕರು ಕಾಲಕ್ಕೆ ಒಳಪಟ್ಟ ಈ ಲೋಕವನ್ನು ದೇವರ ಅನಂತತೆಗೆ ಎದುರಾಗಿ ನಿಲ್ಲಿಸಿದಾಗ ಪದದ ಅರ್ಥ ಹೊರಳಿತು. ನಮ್ಮ ‘ಇಹ’ ಮತ್ತು ‘ಪರ’ಗಳ ಜೋಡಿಯಲ್ಲಿ ಇದು ಇಹದ ಪಾಲಿಗೆ ಬಂದ ಪದ. ಇಹ ಎಂದ ಮಾತ್ರಕ್ಕೆ ಪರವನ್ನು ನಿರಾಕರಿಸಿದಂತಾಗುವುದಿಲ್ಲವಲ್ಲ.

ಜಗಳ ಶುರುವಾದದ್ದು ಆಸ್ತಿಯ ವಿಷಯದಲ್ಲಿ. ಚರ್ಚಿನ ಭೂಮಿಯನ್ನು ರಾಜರು, ಸಂಸ್ಥಾನಿಕರು ವಶಪಡಿಸಿಕೊಳ್ಳುವುದಕ್ಕೆ ಯೂರೋಪಿನಲ್ಲಿ ‘ಸೆಕ್ಯುಲರೈಸೇಷನ್’ ಎಂಬ ಹೆಸರು ಬಂತು. 1803ರಲ್ಲಿ ಜರ್ಮನ್ ನಾಡಿನ ಬಿಷಪ್ಪರ ಸಂಸ್ಥಾನಗಳನ್ನು ಅಳಿಸಿ ಲೌಕಿಕ ಅರಸರಿಗೆ ಹಂಚಿಕೊಟ್ಟಾಗ ಬಳಸಿದ ಪದವೂ ಇದೇ. ಯಾರ ಮನಸ್ಸೂ ಬದಲಾಗದೆ ಪಹಣಿ ಮಾತ್ರ ಬದಲಾದ ಪ್ರಸಂಗವದು ಎನ್ನಬಹುದು.

‘ಸೆಕ್ಯುಲರಿಸಂ’ ಎಂಬ ವಾದದ ಹೆಸರು ತೀರ ಈಚಿನದು. ಅದನ್ನು 1851ರಲ್ಲಿ ಟಂಕಿಸಿದವನು ಜಾರ್ಜ್ ಜೇಕಬ್ ಹೋಲಿಯೋಕ್ ಎಂಬ ಬರ್ಮಿಂಗ್‌ಹ್ಯಾಮಿನ ಕಸುಬುದಾರರ ಮನೆಯ ಹುಡುಗ. 1842ರಲ್ಲಿ ಆತ ಚೆಲ್ಟೆನ್‌ಹ್ಯಾಮ್ ಊರಿನಲ್ಲಿ ಮಾಡಿದ ಉಪನ್ಯಾಸದ ಕೊನೆಗೆ ಸಭಿಕನೊಬ್ಬ ದೇವರ ಬಗ್ಗೆ ಪ್ರಶ್ನೆ ಎತ್ತಿದ. ಇಷ್ಟು ಬಡತನದಲ್ಲಿರುವ ಜನಕ್ಕೆ ಧರ್ಮದ ಖರ್ಚು ಹೊರಲಾಗದು ಎಂಬ ಧಾಟಿಯಲ್ಲಿ ಉತ್ತರ ಕೊಟ್ಟದ್ದಕ್ಕೆ ಹೋಲಿಯೋಕನಿಗೆ ದೈವನಿಂದನೆಯ ಆರೋಪದ ಮೇಲೆ ಆರು ತಿಂಗಳ ಸೆರೆಮನೆಯಾಯಿತು. ನಾಸ್ತಿಕ ಎಂಬ ಹಣೆಪಟ್ಟಿ ಬೇಡವೆಂದೇ ಆತ ಹೊಸ ಪದವನ್ನು ಆರಿಸಿಕೊಂಡ: ದೇವರಿದ್ದಾನೆಯೇ ಇಲ್ಲವೇ ಎಂಬ ತರ್ಕ ಬದಿಗಿರಲಿ, ಈ ಲೋಕದ ಬಾಳನ್ನು ಈ ಲೋಕದ ಉಪಾಯಗಳಿಂದ ಹಸನು ಮಾಡೋಣ ಎಂಬುದು ಅವನ ನಿಲುವು. ಅವನ ಜೊತೆಗಾರ ಚಾರ್ಲ್ಸ್ ಬ್ರಾಡ್ಲಾ ಇದನ್ನು ಒಪ್ಪಲಿಲ್ಲ. ಈ ದಾರಿ ನಾಸ್ತಿಕತೆಗೇ ಹೋಗಿ ಮುಟ್ಟುತ್ತದೆ ಎಂದು ವಾದಿಸಿದ. 1880ರಲ್ಲಿ ಪಾರ್ಲಿಮೆಂಟಿಗೆ ಚುನಾಯಿತನಾದರೂ ಪ್ರಮಾಣವಚನದ ತಕರಾರಿನಿಂದಾಗಿ ಅವನು ನೆಮ್ಮದಿಯಾಗಿ ಕುರ್ಚಿಯಲ್ಲಿ ಕೂರಲು 1886 ಬರಬೇಕಾಯಿತು. 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದು ಭಾರತೀಯರ ಪರ ಮಾತನಾಡಿದ ಬ್ರಾಡ್ಲಾ ಇವನೇ. ಸೆಕ್ಯುಲರ್ ಎಂದರೆ ನಾಸ್ತಿಕನೋ ಅಲ್ಲವೋ ಎಂದು ಇಂದು ನಮ್ಮಲ್ಲಿ ನಡೆಯುವ ವಾದಕ್ಕೆ ಹೀಗೆ ನೂರೈವತ್ತು ವರ್ಷಗಳ ಹಿನ್ನೆಲೆಯಿದೆ.

ಭಾರತಕ್ಕೆ ಬರೋಣ. 1948ರ ನವೆಂಬರ್ 15ರಂದು ಸಂವಿಧಾನ ಸಭೆಯಲ್ಲಿ ಪ್ರೊ. ಕೆ.ಟಿ. ಷಾ ಅವರು ಮೊದಲನೆಯ ವಿಧಿಯಲ್ಲಿಯೇ ‘ಸೆಕ್ಯುಲರ್’ ಮತ್ತು ‘ಸೋಷಿಯಲಿಸ್ಟ್’ ಪದಗಳನ್ನು ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ, ಅವರ ಉತ್ತರ ಹೆಚ್ಚಾಗಿ ಸಮಾಜವಾದದ ಕುರಿತೇ ಇತ್ತು. ತಿದ್ದುಪಡಿ ಬಿದ್ದುಹೋಯಿತು. ಆದರೆ ಮೂಲ ಸಂವಿಧಾನದಲ್ಲಿ ಈ ಪದವೇ ಇರಲಿಲ್ಲ ಎಂದು ಪದೇ ಪದೇ ಹೇಳುವವರು 25ನೇ ವಿಧಿಯನ್ನು ಪೂರ್ತಿ ಓದಿದಂತಿಲ್ಲ. ಧಾರ್ಮಿಕ ಆಚರಣೆಗೆ ಹೊಂದಿಕೊಂಡ ಆರ್ಥಿಕ, ರಾಜಕೀಯ ‘ಅಥವಾ ಇತರ ಸೆಕ್ಯುಲರ್’ ಚಟುವಟಿಕೆಯನ್ನು ಸರ್ಕಾರ ನಿಯಂತ್ರಿಸಬಹುದು ಎಂದು ಅಲ್ಲಿ ಮೊದಲಿನಿಂದಲೂ ಇದೆ. ಪದ ಅಲ್ಲಿರುವುದು ಹಳೆಯ ಅರ್ಥದಲ್ಲಿ: ಲೌಕಿಕ.

ಲೌಕಿಕ ಎಲ್ಲಿ ಮುಗಿಯುತ್ತದೆ, ಧಾರ್ಮಿಕ ಎಲ್ಲಿ ಶುರುವಾಗುತ್ತದೆ? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದದ್ದು ನಮ್ಮ ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠ. ಎರಡು ವರ್ಷದ ಪರ್ಯಾಯ ಎಂದರೆ ಕೃಷ್ಣಪೂಜೆ, ಅನ್ನಸಂತರ್ಪಣೆ, ಅದರ ಹಿಂದೆಯೇ ಸಾಲ. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ಅಲ್ಲಿನ ಧರ್ಮಾದಾಯ ಇಲಾಖೆ ಮಠದ ಆಡಳಿತಕ್ಕೆ ಕೈಹಾಕಲು ಹೊರಟಿತು, ಸ್ವಾಮಿಗಳು ನ್ಯಾಯಾಲಯಕ್ಕೆ ಹೋದರು. 1954ರ ತೀರ್ಪಿನಲ್ಲಿ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು ಒಂದು ಸೂಕ್ಷ್ಮವನ್ನು ಬಿಡಿಸಿಟ್ಟರು. ದೇವರಿಗೆ ಇಂಥ ಹೊತ್ತಿಗೆ ನೈವೇದ್ಯವಾಗಬೇಕು ಎಂಬುದು ಒಂದು ಮತದ ನಂಬಿಕೆಯಾದರೆ, ಅದಕ್ಕೆ ಅಕ್ಕಿ, ಬೇಳೆ, ಹಣ ಖರ್ಚಾಗುತ್ತದೆ ಎಂಬ ಒಂದೇ ಕಾರಣಕ್ಕೆ ಅದು ಲೌಕಿಕ ವ್ಯವಹಾರವಾಗುವುದಿಲ್ಲ. ಯಾವುದು ಅವಶ್ಯಕ ಎಂಬುದನ್ನು ಆ ಮತದ ಸಿದ್ಧಾಂತದಿಂದಲೇ ತಿಳಿಯಬೇಕು. ಹಾಗೆಂದು ಖರ್ಚಿನ ಪ್ರಮಾಣಕ್ಕೆ ಮಿತಿ ಇರಬಾರದೆಂದಲ್ಲ, ಅದನ್ನು ಕಾನೂನು ನೋಡಿಕೊಳ್ಳಬಹುದು. ದೇವಸ್ಥಾನಕ್ಕೆ ಪ್ರವೇಶ, ಶಾಲೆಯಲ್ಲಿ ಉಡುಪು, ಹುಂಡಿಯ ಲೆಕ್ಕ, ಹೀಗೆ ಯಾವ ವಿವಾದ ಬಂದರೂ ವಕೀಲರು ಇಂದಿಗೂ ಶಿರೂರು ಮಠದ ಹೆಸರೆತ್ತುತ್ತಾರೆ.

1973ರ ಕೇಶವಾನಂದ ಭಾರತಿ ಪ್ರಕರಣವೂ ಹೀಗೆಯೇ. ಕಾಸರಗೋಡಿನ ಎಡನೀರು ಮಠದ ಕನ್ನಡಿಗ ಸ್ವಾಮಿಗಳು ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಉಳಿಸಿಕೊಳ್ಳಲು ಹೂಡಿದ ದಾವೆ ಅದು. ಸಂವಿಧಾನಕ್ಕೆ ಬದಲಿಸಲಾಗದ ಮೂಲಸ್ವರೂಪವೊಂದಿದೆ ಎಂದು ನ್ಯಾಯಾಲಯ ಹೇಳಿತು. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ಅದರ ಅಂಶಗಳಲ್ಲಿ ಸಂವಿಧಾನದ ‘ಸೆಕ್ಯುಲರ್’ ಗುಣವನ್ನೂ ಎಣಿಸಿದರು. ಪೀಠಿಕೆಗೆ ಆ ಪದ ಬರಲು ಇನ್ನೂ ಮೂರು ವರ್ಷವಿತ್ತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿ ಅದನ್ನು ಸೇರಿಸಿತು, ಅರ್ಥ ಹೇಳದೆ. ಅರ್ಥವನ್ನು ಬರೆದಿಡಲು ಜನತಾ ಸರ್ಕಾರ 1978ರಲ್ಲಿ ಯತ್ನಿಸಿತು: ಸರ್ವಧರ್ಮಗಳಿಗೂ ಸಮಾನ ಗೌರವ ಎಂದು. ಲೋಕಸಭೆ ಒಪ್ಪಿತು, ರಾಜ್ಯಸಭೆ ತಳ್ಳಿಹಾಕಿತು. 1994ರ ಬೊಮ್ಮಾಯಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ತತ್ವವನ್ನು ಮತ್ತೆ ಎತ್ತಿಹಿಡಿಯಿತು. 1989ರಲ್ಲಿ ಎಸ್.ಆರ್. ಬೊಮ್ಮಾಯಿಯವರು ಸರ್ಕಾರ ಕಳೆದುಕೊಂಡದ್ದು ಬಹುಮತದ ಲೆಕ್ಕಾಚಾರದಲ್ಲಿ. ಧರ್ಮದ ಪ್ರಶ್ನೆ ಬಂದದ್ದು 1992ರ ಡಿಸೆಂಬರಿನಲ್ಲಿ ವಜಾ ಆದ ಉತ್ತರದ ಮೂರು ಸರ್ಕಾರಗಳಿಂದ. ತೀರ್ಪಿಗೆ ಅಂಟಿಕೊಂಡ ಹೆಸರು ಮಾತ್ರ ಕನ್ನಡಿಗರದು. ಪೀಠಿಕೆಯಿಂದ ಪದವನ್ನು ತೆಗೆಯಬೇಕೆಂಬ ಅರ್ಜಿಗಳನ್ನು ಸುಪ್ರೀಂ ಕೋರ್ಟು 2024ರ ನವೆಂಬರ್ 25ರಂದು ವಜಾ ಮಾಡಿತು.

ಇನ್ನು ಅನುವಾದದ ಪೇಚು. ಹಿಂದಿಯ ಪೀಠಿಕೆಯಲ್ಲಿ ‘ಪಂಥನಿರಪೇಕ್ಷ’ ಎಂದಿದೆ. ಕನ್ನಡದಲ್ಲಿ ‘ಧರ್ಮನಿರಪೇಕ್ಷ’ ಎಂದು ಬರೆದವರಿದ್ದಾರೆ. ಆದರೆ ಧರ್ಮಛತ್ರ, ಧರ್ಮಾಸ್ಪತ್ರೆ, ದಾನಧರ್ಮ ಎನ್ನುವ ಜನಕ್ಕೆ ಅದು ನ್ಯಾಯನೀತಿಯ ಗೊಡವೆಯೇ ಬೇಡವೆಂದಂತೆ ಕೇಳಿಸುತ್ತದೆ. ‘ಸರ್ವಧರ್ಮ ಸಮಭಾವ’ ಗೌರವದ ಮಾತೇ ಹೊರತು ಸರ್ಕಾರ ದೂರ ನಿಲ್ಲಬೇಕೆಂಬುದನ್ನು ಹೇಳುವುದಿಲ್ಲ. ಹೆಚ್ಚು ಚಲಾವಣೆಯಲ್ಲಿರುವುದು ‘ಜಾತ್ಯತೀತ’. 1999ರಲ್ಲಿ ಜನತಾದಳ ಒಡೆದಾಗ ಒಂದು ಬಣದ ಹೆಸರಿನಲ್ಲಿದ್ದ ‘ಸೆಕ್ಯುಲರ್’ ಕನ್ನಡ ಪತ್ರಿಕೆಗಳಲ್ಲಿ ಜಾತ್ಯತೀತವೇ ಆಯಿತು. ನಿಘಂಟಿನ ಕಣ್ಣಿಗೆ ಇದು ತಪ್ಪು ಅನುವಾದ. ಜಾತಿ ಬೇರೆ, ಮತ ಬೇರೆ. ಆದರೆ ನಮ್ಮ ಹಳ್ಳಿಯ ಮಾತಿನಲ್ಲಿ ‘ಯಾವ ಜಾತಿ’ ಎಂಬ ಪ್ರಶ್ನೆ ಎರಡನ್ನೂ ಒಟ್ಟಿಗೇ ಕೇಳುತ್ತದೆ. ಹೋಲಿಯೋಕನಿಗೆ ಹೊಳೆಯಲು ಸಾಧ್ಯವೇ ಇಲ್ಲದಿದ್ದ ಅರ್ಥವೊಂದನ್ನು ಕನ್ನಡ ಆ ಪದಕ್ಕೆ ತುಂಬಿದೆ, ಮತ್ತು ಇಲ್ಲಿ ಅದರ ಅಗತ್ಯವಿತ್ತು.

ಮೂಲಕ್ಕೆ ತೀರ ಹತ್ತಿರದ ಪದ ಬೇಕೆಂದರೆ ಅದು ಹತ್ತನೆಯ ಶತಮಾನದಿಂದಲೂ ಕನ್ನಡದಲ್ಲಿದೆ. ಪಂಪ ತನ್ನ ಎರಡು ಕಾವ್ಯಗಳಲ್ಲಿ ಒಂದನ್ನು ಜಿನಾಗಮಕ್ಕೆ, ಇನ್ನೊಂದನ್ನು ಲೌಕಿಕಕ್ಕೆ ಮೀಸಲಿಟ್ಟುದಾಗಿ ತಾನೇ ಹೇಳಿಕೊಂಡಿದ್ದಾನೆ. ಭಾರತದ ಕಥೆ ಅವನಿಗೆ ಲೌಕಿಕ. ಅದನ್ನು ಬರೆಯುವಾಗಲೂ ಅವನು ಜೈನನಾಗಿಯೇ ಇದ್ದ.